ಶರತ್ಕಾಲದ ಹೂವಿನ ಭೂತಗಳು

ಸೀಗೀ ಹುಣ್ಣಿಮೆಯ ರಾತ್ರಿ ನಮ್ಮ ಸಮೀರವಾಡಿಯ ಸುತ್ತಲಿನ ಹೊಲಗಳ ನಡುವೆ ಒಬ್ಬನೇ ನಡೆದು ಬಂದವನಿಗೆ ಭೂತಪ್ರೇತಗಳಲ್ಲಿ ನಂಬಿಗೆ ಹುಟ್ಟದಿದ್ದರೆ ಅವನು ಗಟ್ಟಿಗನೇ ಸರಿ. ಎರಡಾಳೆತ್ತರಕ್ಕೆ ಬೆಳೆದ ಕಬ್ಬಿನ ತುದಿಯಲ್ಲಿ ಆಗತಾನೆ ಹೊರಟ ಸೂಲಂಗಿಯು ಬೆಳುದಿಂಗಳಲ್ಲಿ ಬೆಳ್ಳಗೆ ಹೊಳೆಯುತ್ತ, ಗಾಳಿ ಬೀಸಿದಾಗ ನೂರಾರು ಮುದುಕಿಯರು ಕೂದಲು ಬಿಚ್ಚಿಕೊಂಡು ಒಮ್ಮೆಲೇ ತಲೆದೂಗಿದಂತೆ ತೋರುವದು. ಒಳಗೆ ಒಣ ರವದಿಯ ಸರಸರ ಸಪ್ಪಳ. ಎಲ್ಲಿಯೋ ಒಂದು ಗೂಗೆಯ ಕೂಗು. ಮೂವತ್ತೈದು ವರ್ಷ ಮಕ್ಕಳಿಗೆ ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ನಾನೂ ಆ ಹಾದಿಯಲ್ಲಿ ಹೆಜ್ಜೆಯನ್ನು ತುಸು ಜೋರಾಗಿ ಹಾಕುವದುಂಟೆಂದು ವಾಚಕರೆದುರು ಒಪ್ಪಿಕೊಳ್ಳಲು ನಾಚಿಕೆಪಡುವದಿಲ್ಲ.

ಇದೇ ಸೂಲಂಗಿಯನ್ನು ಮನೆಗೆ ತಂದು ಅಲಂಕಾರ ಮಾಡಬೇಕಾಗುವದೆಂದು ನಾನು ಎಂದೂ ಎಣಿಸಿರಲಿಲ್ಲ. 2024ರ ದೀಪಾವಳಿಗೆ ಪುಣೆಯಿಂದ ಬಂದ ಒಂಬತ್ತು ವರ್ಷದ ಮೊಮ್ಮಗಳು ಬಂದ ದಿನವೇ ತಾಯಿಯ ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿದಳು. ಕಣ್ಣುಮೂಗು ಕೊರೆದ ಕುಂಬಳಕಾಯಿ, ಅದರ ತಲೆಯೊಳಗಿಂದ ಹೊರಚಾಚಿದ ಕೇಸರಿ ಹೂಗಳು, ಕರಿಯ ಕಡ್ಡಿಗಳು, ಜೇಡರ ಬಲೆ. "ಅಜ್ಜಾ, ನಮ್ಮ ಮನಿಗೂ ಇಂಥಾ ಭೂತದ ಹೂ ಮಾಡೂಣೇನು?" ಎಂದು ಕೇಳಿದಳು. ನಾನು "ಅದು ನಮ್ಮವರ ಹಬ್ಬವಲ್ಲ, ಮಗೂ" ಎಂದು ಹೇಳಿ ಪಂಚಾಂಗವನ್ನು ತೆರೆದೆನು. ನೋಡಿದರೆ, ಆ ವರ್ಷ ಅವರ ಭೂತದ ರಾತ್ರಿಯಾದ ಅಕ್ಟೋಬರ್ 31ನೆಯ ತಾರೀಖಿಗೇ ನಮ್ಮ ನರಕಚತುರ್ದಶಿಯೂ ಬಂದು ಕುಳಿತಿತ್ತು!

ಇಲ್ಲಿ ಮನೆಯ ಸಂಗತಿಯೊಂದನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಹಿಂದಿನ ವರ್ಷದ ಭಾದ್ರಪದದಲ್ಲಿ ನನ್ನ ಧರ್ಮಪತ್ನಿಯು ತೀರಿಕೊಂಡಳು. ಆ ವರ್ಷ ಮನೆಯಲ್ಲಿ ಹಬ್ಬವಿಲ್ಲ. ದೀಪಾವಳಿಗೆ ಬಾಗಿಲು ಬರಿದೇ ಇತ್ತು. ಈ ವರ್ಷ ವಾರ್ಷಿಕವು ಮುಗಿದಿದ್ದರಿಂದ ಹಬ್ಬ ಮಾಡಲು ಅಡ್ಡಿಯಿರಲಿಲ್ಲ. ಆದರೆ ನಡುಮನೆಯ ಬಲಗಡೆಗೆ, ಆಕೆ ಕೊನೆಯ ಮೂರು ತಿಂಗಳು ಮಲಗಿದ್ದ ಕೋಣೆಯ ಕಡೆಗೆ, ಹೊತ್ತು ಮುಳುಗಿದ ಮೇಲೆ ಮೊಮ್ಮಗಳು ಹಾಯುತ್ತಿರಲಿಲ್ಲ. ನೀರು ಬೇಕಾದರೂ ಅಂಗಳದಿಂದ ಸುತ್ತು ಹಾಕಿ ಅಡಿಗೆಮನೆಗೆ ಹೋಗುವಳು. ಒಮ್ಮೆ ನನ್ನ ಕಿವಿಯಲ್ಲಿ, "ಅಲ್ಲಿ ಆಯಿ ಅದಾಳೇನು?" ಎಂದು ಕೇಳಿದಳು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಹಗಲು ಭೂತದ ಹೂ ಬೇಕೆನ್ನುವ ಮಗು, ರಾತ್ರಿ ತನ್ನ ಅಜ್ಜಿಯ ಕೋಣೆಗೆ ಹೆದರುವದನ್ನು ಕಂಡ ಮೇಲೆ, ಈ ಅಲಂಕಾರವನ್ನು ಬೇಡವೆನ್ನುವದು ಸರಿಯಲ್ಲವೆಂದು ತೋರಿ, ಮರುದಿನವೇ ಬುಟ್ಟಿ ಹಿಡಿದು ಹೊರಟೆವು.

ಮೊದಲು ಬಣ್ಣದ ಮಾತು. ಪಾಶ್ಚಾತ್ಯರ ಈ ಅಲಂಕಾರದಲ್ಲಿ ಕಪ್ಪು ಮತ್ತು ಕಿತ್ತಳೆ ಬಣ್ಣಗಳೇ ಪ್ರಧಾನವಾಗಿರುವವು. ನಮ್ಮ ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಒಂದೊಂದು ರಸಕ್ಕೆ ಒಂದೊಂದು ವರ್ಣವನ್ನು ನಿಯಮಿಸಿದ್ದಾನೆ: ಭಯಾನಕಕ್ಕೆ ಕೃಷ್ಣವರ್ಣ, ಅದ್ಭುತಕ್ಕೆ ಪೀತವರ್ಣ. ಆದುದರಿಂದ ಕರಿದರ ಬದಿಗೆ ಚೆಂಡುಹೂವಿನ ಅರಿಸಿನವನ್ನಿಟ್ಟರೆ ಭಯದೊಳಗೆ ವಿಸ್ಮಯವು ಬೆರೆಯುವದು. ಮಗುವು ಹೆದರಿ ಓಡದೆ, ಹೆದರುತ್ತಲೇ ಹತ್ತಿರ ಬರುವದು. ಬರಿಯ ಕಪ್ಪನ್ನು ತುಂಬಿದರೆ ಮನೆಯು ಮಸಣದಂತಾದೀತು. ಕಪ್ಪು ಒಂದು ಪಾಲಿದ್ದರೆ ಹಳದಿ ಮೂರು ಪಾಲಿರಲಿ ಎಂಬುದು ನನ್ನ ಅನುಭವದ ಮಾತು.

ಕುಂಬಳಕಾಯಿಯ ವಿಷಯದಲ್ಲಂತೂ ನಾವು ಯಾರ ಋಣವನ್ನೂ ಹೊರಬೇಕಾಗಿಲ್ಲ. ಐರ್ಲೆಂಡಿನ ಜನರು ಮೊದಲು ಗಡ್ಡೆಗಳನ್ನು ಕೊರೆದು ಅದರೊಳಗೆ ದೀಪವಿಡುತ್ತಿದ್ದರು. ಅವರು ವಲಸೆ ಹೋದ ಅಮೇರಿಕೆಯಲ್ಲಿ ಕುಂಬಳಕಾಯಿಯು ಹೇರಳವಾಗಿ ದೊರೆತದ್ದರಿಂದ ಗಡ್ಡೆಯ ಸ್ಥಾನಕ್ಕೆ ಅದು ಬಂದಿತು. ನಮ್ಮಲ್ಲಿಯಾದರೋ ಸಂಸ್ಕೃತದ 'ಕೂಷ್ಮಾಂಡ' ಶಬ್ದಕ್ಕೆ ಎರಡು ಅರ್ಥಗಳುಂಟು. ಒಂದು ಬೂದುಗುಂಬಳ. ಇನ್ನೊಂದು, ಪುರಾಣಗಳಲ್ಲಿ ಭೂತಪ್ರೇತಪಿಶಾಚಗಳ ಸಾಲಿನಲ್ಲಿ ಹೆಸರಿಸಲ್ಪಡುವ ಒಂದು ಭೂತಗಣ. ಕಾಯಿಯೂ ಭೂತವೂ ಒಂದೇ ಹೆಸರನ್ನು ಹೊತ್ತು ಅದೆಷ್ಟೋ ಶತಮಾನಗಳಾದವು. ನವರಾತ್ರಿಯ ನಾಲ್ಕನೆಯ ದಿನ ಪೂಜೆಗೊಳ್ಳುವ ದುರ್ಗೆಗೂ ಕೂಷ್ಮಾಂಡೆಯೆಂದೇ ಹೆಸರು. ಖಂಡೇಪೂಜೆಯ ದಿವಸ ಕಾರ್ಖಾನೆಯ ದಾರಿಯಲ್ಲಿ ಹಾರ ಹಾಕಿಕೊಂಡು ನಿಂತ ಟ್ರ್ಯಾಕ್ಟರುಗಳೆದುರು ಕುಂಕುಮ ತುಂಬಿದ ಕಾಯಿಯನ್ನು ಒಡೆಯುವದನ್ನೂ, ಹೊಸ ಮನೆಯ ಮುಂದೆ ಮೀಸೆ ಬರೆದ ಕಾಯಿಯನ್ನು ತೂಗಹಾಕುವದನ್ನೂ ನೋಡದವರಾರು? ಇಡಿಯ ಕುಂಬಳಕಾಯಿಯನ್ನು ಹೆಂಗಸರು ಮೊದಲು ಕೊಯ್ಯಬಾರದು, ಗಂಡಸರೊಬ್ಬರು ಕತ್ತಿ ಹಾಕಿಕೊಡಬೇಕೆಂಬ ರೂಢಿಯೂ ಅನೇಕ ಮನೆಗಳಲ್ಲಿ ಉಂಟು. ಬಲಿಯ ನೆನಪು ಆ ಕಾಯಿಯನ್ನು ಇನ್ನೂ ಬಿಟ್ಟಿಲ್ಲ.

ನಾವು ಮಾಡಿದ್ದು ಹೀಗೆ. ಚೆನ್ನಾಗಿ ಬಲಿತು ಮೈಮೇಲೆ ಬಿಳಿಯ ಬೂದಿ ದಟ್ಟವಾಗಿ ಕುಳಿತ ಬೂದುಗುಂಬಳವೊಂದನ್ನು ತಂದೆವು. ಬಳ್ಳಿಯಿಂದ ಕಿತ್ತು ತರುವಾಗ ಆ ಬೂದಿ ಕೈಗೆ ಹತ್ತಿ ಅಳಿಸದಂತೆ ತೊಟ್ಟನ್ನು ಹಿಡಿದೇ ಎತ್ತಬೇಕು. ಬಳಿಕ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಕಣ್ಣು, ಮೂಗು, ಹಲ್ಲುಗಳ ಆಕಾರಕ್ಕೆ ಬೂದಿಯನ್ನು ಒರಸಿದರಾಯಿತು. ಒರಸಿದಲ್ಲಿ ಅಡಿಯ ಕಡುಹಸಿರು ಕಾಣುವದು. ಉಳಿದ ಮುಖವು ಹೆಣದ ಹಾಗೆ ಬೆಳ್ಳಗೆ! ಚಾಕು ಬೇಡ, ಬಣ್ಣ ಬೇಡ, ಮಗುವಿನ ಕೈಗೆ ಗಾಯವಾಗುವ ಅಂಜಿಕೆಯೂ ಇಲ್ಲ. ಕೊರೆಯದ ಕಾಯಿಯು ತಿಂಗಳುಗಟ್ಟಲೆ ಕೆಡದಿರುವದರಿಂದ ಹಬ್ಬವಾದ ಮೇಲೆ ಅದೇ ಭೂತವನ್ನು ಹುಳಿಗೋ ಹಲ್ವಕ್ಕೋ ಉಪಯೋಗಿಸಬಹುದು. ನಮ್ಮ ಸೊಸೆಯು ಹಾಗೆಯೇ ಮಾಡಿದಳು. ತಲೆಯ ಮೇಲೆ ತೊಟ್ಟಿನ ಸುತ್ತ ದಾರದಿಂದ ಚೆಂಡುಹೂಗಳ ಒಂದು ಸಿಂಬೆಯನ್ನು ಕೂಡ್ರಿಸಿ, ಅದರ ನಡುವೆ ಮಯೂರಶಿಖೆಯ ಎರಡು ಹೂಗಳನ್ನು ಸಿಕ್ಕಿಸಿದೆವು. ಕೋಳಿಜುಟ್ಟೆಂದು ಕರೆಯಲ್ಪಡುವ ಈ ಹೂವಿನ ಕೆಂಪು ಮಡಿಕೆಗಳು ತೆರೆದಿಟ್ಟ ಮಿದುಳಿನಂತೆ ಕಾಣುವವು. ಮೊಮ್ಮಗಳಿಗೆ ಅದೇ ಎಲ್ಲಕ್ಕಿಂತ ಹೆಚ್ಚು ಸೊಗಸೆನಿಸಿತು.

ಕೊರೆದ ಕಾಯಿಯೇ ಬೇಕೆನ್ನುವವರು ಸಿಹಿಗುಂಬಳವನ್ನು ತಂದು, ಮೇಲ್ಗಡೆಯಿಂದ ಮುಚ್ಚಳದಂತೆ ಕೊಯ್ದು, ತಿರುಳನ್ನು ತೆಗೆದು ಅಡಿಗೆಗೆ ಕೊಟ್ಟು, ಬೀಜಗಳನ್ನು ಒಣಗಿಸಿಟ್ಟು, ಒಳಗೆ ನೀರು ತುಂಬಿದ ಲೋಟವನ್ನಿಟ್ಟು ಅದರಲ್ಲಿ ಹೂ ಇಡಬೇಕು. ನಮ್ಮ ಕಡೆಯ ಸೆಕೆಗೆ ಅದು ಎರಡು ಮೂರು ದಿನಕ್ಕೆ ಕೊಳೆತು ನಾರುವದು. ನನಗಂತೂ ಅಷ್ಟು ಖಟಪಟಿ ಬೇಕೆನಿಸಲಿಲ್ಲ.

ಇನ್ನು ಸೂಲಂಗಿ. ಕಾಳಿದಾಸನ ಋತುಸಂಹಾರದಲ್ಲಿ ಶರದೃತುವಿನ ಗುರುತಾಗಿ ಮೊದಲಿಗೇ ಬರುವ ಕಾಶಪುಷ್ಪವು ಕಬ್ಬಿನ ಕುಲದ ಹುಲ್ಲಿನ ಹೂವೇ. ಈ ಕಾಡುಹುಲ್ಲನ್ನೂ ಸಾಕಿದ ಕಬ್ಬನ್ನೂ ಕೂಡಿಸಿ ಕೊಯಿಮತ್ತೂರಿನಲ್ಲಿ ಬೆಳೆಸಿದ ಕೋ 205 ಎಂಬ ತಳಿಯು 1918ರಲ್ಲಿ ಹೊರಬಂದಿತು; ಈಗಿನ ನಮ್ಮ ಕಬ್ಬುಗಳ ಮೈಯಲ್ಲಿ ಕಾಶದ ರಕ್ತವು ಹರಿಯುತ್ತಿದೆ ಎಂದರೆ ತಪ್ಪಲ್ಲ. ಒಕ್ಕಲಿಗನಿಗೆ ಸೂಲಂಗಿ ಬೇಡವಾದದ್ದು, ಯಾಕಂದರೆ ಹೂ ಹೊರಟ ಕಬ್ಬು ಬೆಳೆಯುವದನ್ನು ನಿಲ್ಲಿಸುವದು. ಹೀಗಿರುವದರಿಂದ ಕೇಳಿದರೆ ಯಾರೂ ಇಲ್ಲವೆನ್ನರು. ಆದರೆ ಕೇಳಿಯೇ ಕೀಳಬೇಕು. ತೋಳು ಮುಚ್ಚುವ ಅಂಗಿಯಿಲ್ಲದೆ ಕಬ್ಬಿನೊಳಗೆ ಹೋದವನ ಕೈಯನ್ನು ಅದರ ಎಲೆಯು ಗರಗಸದಂತೆ ಕೊಯ್ಯುವದು. ಪೂರ್ಣ ಅರಳುವ ಮೊದಲೇ ಕಿತ್ತು, ನಾಲ್ಕೈದು ದಿವಸ ತಲೆಕೆಳಗಾಗಿ ನೆರಳಿನಲ್ಲಿ ತೂಗಹಾಕಿದರೆ ಅರಳೆಯು ಉದುರುವದು ಕಡಿಮೆಯಾಗುವದು. ನಾವು ಏಳು ಸೂಲಂಗಿಗಳನ್ನು ತಾಮ್ರದ ಕೊಡದಲ್ಲಿಟ್ಟು, ಕೊಡಕ್ಕೆ ಹಳೆಯ ಕರಿಯ ಕಂಬಳಿಯ ತುಂಡನ್ನು ಹೊದಿಸಿ, ಎರಡು ದೊಡ್ಡ ಚೆಂಡುಹೂಗಳನ್ನು ಕಣ್ಣಾಗಿ ಚುಚ್ಚಿದೆವು. ಬೆಳಗಾಗುವ ಹೊತ್ತಿಗೆ ಹಾಲು ಹಾಕುವ ಹುಡುಗನು ಅದನ್ನು ಕಂಡು ಚರಿಗೆಯನ್ನು ಕೈಬಿಟ್ಟನೆಂಬ ಕೀರ್ತಿಯು ನಮ್ಮ ಮನೆಗೆ ಬಂದಿದೆ.

ಕೊಡದ ಬದಿಗೆ ಒಂದು ಒಣಗಿದ ಜಾಲಿಯ ಕೊಂಬೆ. ಅದರ ಮುಳ್ಳಿನಿಂದ ಮುಳ್ಳಿಗೆ ಬಿಳಿಯ ನೂಲನ್ನು ಎಳೆದು ಜೇಡರ ಬಲೆ ಮಾಡಿದೆವು. ಬನಹಟ್ಟಿ ರಬಕವಿಗಳಲ್ಲಿ ಪರಿಚಯದ ನೇಕಾರರ ಮನೆಯಿದ್ದರೆ ಮಗ್ಗದಲ್ಲಿ ಉಳಿದ ನೂಲಿನ ತುಂಡುಗಳನ್ನು ಕೇಳಿ ತರಬಹುದು; ಇಲ್ಲವಾದರೆ ಹಿಂಜಿದ ಹತ್ತಿಯನ್ನು ತೆಳ್ಳಗೆ ಎಳೆದು ಹಬ್ಬಿಸಿದರೂ ನಡೆಯುವದು. ಬಲೆಯ ನಡುವೆ ಕೂಡ್ರುವ ಜೇಡನಿಗೆ ಒಣಗಿದ ಚೆಂಡುಹೂವಿನ ಕರಿಯ ತೊಟ್ಟೇ ಮೈ, ಕಸಬರಿಗೆಯ ಕಡ್ಡಿಗಳೇ ಎಂಟು ಕಾಲು. ಹತ್ತಿ ಬಿಡಿಸಿಕೊಂಡ ಮೇಲೆ ಗಿಡದಲ್ಲಿ ಉಳಿಯುವ ಒಣ ತೊಳೆಗಳು ಹದ್ದಿನ ಉಗುರುಗಳಂತಿರುವವು. ಅಂಥ ನಾಲ್ಕು ಕಡ್ಡಿಗಳಿದ್ದರೆ ಬೇರೆ ಕರಿಯ ಬಣ್ಣವನ್ನು ಹುಡುಕುವ ಕಾರಣವಿಲ್ಲ. ಬೀಜ ತೆಗೆದ ಸೂರ್ಯಕಾಂತಿಯ ಒಣ ತೆನೆಯೂ ಒಳ್ಳೆಯದೇ.

ಚೆಂಡುಹೂವಿನ ವಿಷಯದಲ್ಲಿ ಒಂದು ಮಾತು. ಇದಿಲ್ಲದೆ ನಮಗೆ ದಸರೆಯಿಲ್ಲ, ದೀಪಾವಳಿಯಿಲ್ಲ. ಆದರೂ ಅಮರಕೋಶದಲ್ಲಿ ಇದಕ್ಕೆ ಹೆಸರಿಲ್ಲ. ಎಳೆಯನಿದ್ದಾಗ ನಾನು ಅದನ್ನು ಹುಡುಕಿ ಹುಡುಕಿ ಬೇಸತ್ತಿದ್ದುಂಟು. ಇದರ ತವರು ಮೆಕ್ಸಿಕೋ ದೇಶ. ಯುರೋಪಿಯನ್ನರು 1492ರಲ್ಲಿ ಅಮೇರಿಕೆಯನ್ನು ಕಂಡ ತರುವಾಯವೇ ಈ ಹೂವು ಸಮುದ್ರವನ್ನು ದಾಟಿತು. ಸಿಹಿಗುಂಬಳವೂ ಆ ಖಂಡದ್ದೇ. ಮೆಕ್ಸಿಕೋದ ಜನರು ನವೆಂಬರ್ 1 ಮತ್ತು 2ರಂದು ತಮ್ಮ ಮೃತರ ದಿನವನ್ನು ಆಚರಿಸುವರು. ಅಂದು ಈ ಹೂವಿನ ಪಕಳೆಗಳನ್ನು ಮನೆಯ ಬಾಗಿಲವರೆಗೆ ದಾರಿಯಂತೆ ಚೆಲ್ಲುವರು. ತೀರಿಹೋದವರು ಅದರ ಬಣ್ಣವನ್ನೂ ವಾಸನೆಯನ್ನೂ ಹಿಡಿದು ದಾರಿ ತಪ್ಪದೆ ತಮ್ಮ ಮನೆಗೆ ಬರಲೆಂದು. ಇದನ್ನು ಮೊಮ್ಮಗಳಿಗೆ ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದು, "ಬಂದವರು ಹೆದರಸ್ತಾರೇನು?" ಎಂದಳು. "ಇಲ್ಲ, ಅವರಿಗೆ ಪ್ರೀತಿಯಾದ ಅಡಿಗೆ ಮಾಡಿ ಇಟ್ಟಿರತಾರ" ಎಂದೆನು.

ನಮ್ಮ ದೀಪಾವಳಿಯಲ್ಲಾದರೂ ಬೇರೇನಿದೆ? ವಾಮನನು ಪಾತಾಳಕ್ಕೆ ತುಳಿದ ಬಲಿಯು ವರ್ಷಕ್ಕೊಮ್ಮೆ ಭೂಮಿಗೆ ಬರುವನು, ಬಂದ ಅಸುರನನ್ನು ನಾವು ದೀಪಗಳಿಂದ ಎದುರುಗೊಳ್ಳುವೆವು. ತುಳುನಾಡಿನಲ್ಲಿ ಅಂಗಳದಲ್ಲಿ ಹಾಲೆಮರದ ಕೊಂಬೆಯನ್ನು ನೆಟ್ಟು, ಹೂಗಳಿಂದ ಸಿಂಗರಿಸಿ, ದೀಪವಿಟ್ಟು, ಕತ್ತಲೆಯಲ್ಲಿ ಬಲೀಂದ್ರನನ್ನು ಕೂಗಿ ಕರೆಯುವರು. ಈ ಹಾಲೆಯೇ ಸಂಸ್ಕೃತ ಕವಿಗಳ ಸಪ್ತಪರ್ಣ. ಶರತ್ಕಾಲದ ಸಂಜೆಗೆ ಅರಳಿ ತಲೆನೋಯುವಷ್ಟು ಗಂಧವನ್ನು ಬೀರುವದರಿಂದಲೋ ಏನೋ ಅನೇಕ ಪ್ರಾಂತಗಳಲ್ಲಿ ಅದನ್ನು ಪಿಶಾಚಿಯ ಮರವೆನ್ನುವರು. ಸಸ್ಯಶಾಸ್ತ್ರಜ್ಞರು ಅದಕ್ಕೆ ಕೊಟ್ಟ ಹೆಸರಿನಲ್ಲಿ 'ಸ್ಕೊಲಾರಿಸ್' ಎಂಬ ಪದವಿದೆ, ಅಂದರೆ ಶಾಲೆಗೆ ಸಂಬಂಧಿಸಿದ್ದು. ಮೊದಲು ಮಕ್ಕಳು ಬರೆಯುವ ಹಲಗೆಗಳನ್ನು ಈ ಮರದಿಂದ ಮಾಡುತ್ತಿದ್ದರು. ಪಿಶಾಚಿಗೂ ಶಾಲಾಮಾಸ್ತರನಿಗೂ ಇರುವ ಸಂಬಂಧವನ್ನು ನನ್ನ ಹಳೆಯ ವಿದ್ಯಾರ್ಥಿಗಳು ಬಲ್ಲರು.

ಕೆಲವು ಹೂಗಳನ್ನು ಮಾತ್ರ, ನೋಡಲು ಎಷ್ಟು ಭೀಕರವಾಗಿದ್ದರೂ, ಮಕ್ಕಳಿದ್ದ ಮನೆಗೆ ತರಬಾರದು. ಸಂಜೆಗೆ ಅರಳುವ ಬಿಳಿಯ ಉಮ್ಮತ್ತಿಯೂ ಅದರ ಮುಳ್ಳುಕಾಯಿಯೂ ವಿಷ. ಔಡಲದ ಬೀಜವು ಬಾಯಿಗೆ ಹೋದರೆ ಪ್ರಾಣಾಂತಿಕ. ಬೇಲಿಯ ಮೇಲೆ ಉರಿಯ ನಾಲಿಗೆಯಂತೆ ಅರಳುವ ಅಗ್ನಿಶಿಖೆಯ ಗಡ್ಡೆಯೂ ಹಾಗೆಯೇ. ಎಕ್ಕೆಯ ಹಾಲು ಕಣ್ಣಿಗೆ ಸಿಡಿಯಬಾರದು. ಸೂಲಂಗಿ, ರವದಿ, ಹತ್ತಿ, ನೂಲು, ಇವು ನಾಲ್ಕೂ ಬೆಂಕಿಯ ನೆಂಟರು. ಒಂದು ಕಿಡಿಗೆ ಕಬ್ಬಿನ ಹೊಲವು ಹೇಗೆ ಹೊತ್ತಿಕೊಳ್ಳುವದೆಂಬುದನ್ನು ಈ ಭಾಗದವರಿಗೆ ಹೇಳಿಕೊಡಬೇಕಾಗಿಲ್ಲ. ದೀಪವನ್ನು ಒಂದು ಕಡೆಗೆ, ಭೂತವನ್ನು ಇನ್ನೊಂದು ಕಡೆಗೆ ಇಡಿರಿ. ನಡುವೆ ನಾಲ್ಕು ಹೆಜ್ಜೆಯಾದರೂ ಅಂತರವಿರಲಿ. ಕೆಮ್ಮು ದಮ್ಮು ಇದ್ದವರ ಮನೆಯಲ್ಲಿ ಸೂಲಂಗಿಯು ಹೊರಗಟ್ಟೆಯ ಮೇಲೆಯೇ ಇರತಕ್ಕದ್ದು.

ಇಷ್ಟೆಲ್ಲವಾದರೂ ಪಾಡ್ಯದ ಪಾಂಡವರು ಉಳಿದರು. ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಬಲಿಪಾಡ್ಯಮಿಯ ಮುಂಜಾನೆ ಸಗಣಿಯಿಂದ ಗೋಪುರದಂಥ ಚಿಕ್ಕ ಆಕೃತಿಗಳನ್ನು ಮಾಡಿ, ಹೂಗಳಿಂದ ಅಲಂಕರಿಸಿ, ಹೊಸ್ತಿಲಿನ ಎರಡೂ ಬದಿಗೆ, ಒಲೆಯ ಹತ್ತಿರ, ಗೋದಲಿಯ ಬಳಿ ಕೂಡ್ರಿಸುವರು. ಕೆಲವರು ಪಾಂಡವರೆನ್ನುವರು, ಕೆಲವು ಊರುಗಳಲ್ಲಿ ಹಟ್ಟಿಲಕ್ಕವ್ವನೆನ್ನುವರು. ಮುಖವಿಲ್ಲದೆ, ಬರಿಯ ತಲೆತುಂಬ ಹೂ ಮುಡಿದು, ನಸುಕಿನ ಕತ್ತಲೆಯಲ್ಲಿ ಬಾಗಿಲ ಕಾಯುತ್ತ ಕುಳಿತ ಇವರಿಗಿಂತ ಹೆಚ್ಚು ಗಂಭೀರವಾದ ಹೂವಿನ ಭೂತಗಳನ್ನು ನಾನು ಯಾವ ಚಿತ್ರದಲ್ಲಿಯೂ ಕಂಡಿಲ್ಲ. ಮೂವತ್ತು ವರ್ಷ ಇವನ್ನು ನಮ್ಮ ಮನೆಯಲ್ಲಿ ಆಕೆಯೇ ಮಾಡಿದಳು. ನಾನು ಸ್ನಾನ ಮಾಡಿ ಮಂತ್ರ ಹೇಳುತ್ತ ಅವುಗಳನ್ನು ದಾಟಿ ಹೋಗುತ್ತಿದ್ದೆನೇ ಹೊರತು, ಹೇಗೆ ಮಾಡುವಳೆಂದು ಒಮ್ಮೆಯೂ ಕುಳಿತು ನೋಡಲಿಲ್ಲ. ಹೆಂಗಸರ ಕೆಲಸವೆಂಬ ತಾತ್ಸಾರ. ಸೊಸೆಯು ಪಟ್ಟಣದವಳು, ಆಕೆಗೂ ತಿಳಿಯದು.

ಕಡೆಗೆ ನಾನೇ ಮೊಮ್ಮಗಳನ್ನು ಕರೆದುಕೊಂಡು ಓಣಿಯ ಕೊನೆಯ ಮನೆಯ ಮುದುಕಿಯಲ್ಲಿಗೆ ಹೋದೆನು. "ಅಕ್ಕವ್ವಾ, ಪಾಂಡವರನ್ನ ಹೆಂಗ ಮಾಡತಾರ, ತುಸು ತೋರಸ್ರಿ" ಎಂದೆನು. ಆಕೆಯು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟ ವರ್ಷ ಸಾಲಿ ಕಲಿಸೀರಿ ಮಾಸ್ತರ್ರ, ಇದೊಂದು ಕಲೀಲಿಲ್ಲೇನ್ರಿ? ಬರ್ರಿ, ಕೈ ಹಚ್ಚರಿ" ಎಂದಳು. ಹಸಿಯ ಸಗಣಿಯನ್ನು ಕಡ್ಡಿಕಸ ತೆಗೆದು ರೊಟ್ಟಿಯ ಹಿಟ್ಟಿನಂತೆ ನಾದಬೇಕು. ನನ್ನದು ನೀರು ಹೆಚ್ಚಾಗಿ ಕುಸಿಯಿತು. "ಸಗಣಿ ಸಡ್ಲ ಆತಂದ್ರ ಪಾಂಡವರು ಕುಂಡ್ರೂದಿಲ್ರಿ, ಮಲಗತಾರ" ಎಂದು ನಕ್ಕಳು. ಬೊಗಸೆಯಷ್ಟು ಸಗಣಿಯಿಂದ ಒಂದೊಂದನ್ನು ಬುಡ ಅಗಲವಾಗಿ, ತುದಿ ಚೂಪಾಗಿ ನಿಲ್ಲಿಸಿ, ಮೈಗೆ ಸುಣ್ಣದ ಮತ್ತು ಕೆಮ್ಮಣ್ಣಿನ ಬೊಟ್ಟುಗಳನ್ನಿಟ್ಟು, ತಲೆಯಲ್ಲಿ ಚೆಂಡುಹೂ, ಹೊಲದ ಅಣ್ಣೆಯ ಹೂ, ತಂಗಡಿಯ ಹಳದಿ ಗೊಂಚಲು, ನಡುವೆ ನೆಟ್ಟಗೆ ಒಂದು ಉತ್ತರಾಣಿಯ ಕಡ್ಡಿಯನ್ನು ಚುಚ್ಚಬೇಕು.

ಉತ್ತರಾಣಿ ಎಂದೊಡನೆ ನಾನು ಬೆಚ್ಚಿದೆನು. ಇದು ಅಪಾಮಾರ್ಗ. ಅಥರ್ವವೇದದ ನಾಲ್ಕನೆಯ ಕಾಂಡದಲ್ಲಿ ಮಾಟವನ್ನೂ ಕೇಡನ್ನೂ ಒರಸಿ ತೆಗೆಯೆಂದು ಮೂರು ಸೂಕ್ತಗಳು ಸ್ತುತಿಸುವದು ಈ ಗಿಡವನ್ನೇ. ನರಕಚತುರ್ದಶಿಯ ಅಭ್ಯಂಗದ ಕಾಲಕ್ಕೆ ತಲೆಯ ಸುತ್ತ ತಿರುಗಿಸಬೇಕೆಂದು ಧರ್ಮಶಾಸ್ತ್ರವು ವಿಧಿಸುವದೂ ಇದನ್ನೇ. ನಾನು ಅದನ್ನು ವರ್ಷಗಟ್ಟಲೆ ಪಾಠ ಹೇಳಿದ್ದೆನು. ಅಕ್ಷರ ಬಾರದ ಆ ಮುದುಕಿಯೂ ನನ್ನ ಮನೆಯಾಕೆಯೂ ಪ್ರತಿವರ್ಷ ಹಿತ್ತಲಿನಿಂದ ಅದನ್ನು ಕಿತ್ತು ತಂದು ಹೊಸ್ತಿಲಿಗೆ ನೆಡುತ್ತಿದ್ದರು. "ಇದ್ಯಾಕ ಬೇಕು ಅಕ್ಕವ್ವಾ?" ಎಂದು ಕೇಳಿದರೆ, "ಕೆಟ್ಟದ್ದು ಬಂದ್ರ ಸೀರಿಗೆ ಹತ್ತಿದಂಗ ಇದಕ್ಕ ಹತ್ತಿಕೊಳ್ಳಲಿ ಅಂತ" ಎಂದಳು. ಉತ್ತರಾಣಿಯ ಪಕ್ಕದಲ್ಲಿ ಒಮ್ಮೆ ಹಾದುಹೋದವರಿಗೆ ಆ ಮಾತಿನ ಸತ್ಯವು ತಿಳಿದಿರುವದು.

ಅಮಾವಾಸ್ಯೆಯ ಸಂಜೆ ಇನ್ನೊಂದು ಹಳೆಯ ವಿಧಿಯನ್ನು ನೆನೆದು ಆಚರಿಸಿದೆನು. ಮಹಾಲಯಕ್ಕೆ ಬಂದ ಪಿತೃಗಳು ಹಿಂದಿರುಗುವಾಗ ದಾರಿ ಕಾಣಲೆಂದು ಕೊಳ್ಳಿಯನ್ನು ಎತ್ತಿ ಹಿಡಿಯಬೇಕೆಂದು ನಿರ್ಣಯಸಿಂಧು ಮೊದಲಾದ ಗ್ರಂಥಗಳು ಹೇಳುವವು. ಅಂಗಳದಲ್ಲಿ, ಸೂಲಂಗಿಯ ಮುದುಕಿಯಿಂದ ದೂರಕ್ಕೆ, ಒಂದು ಕೊಳ್ಳಿಯನ್ನು ಹಚ್ಚಿ ದಕ್ಷಿಣಕ್ಕೆ ಮುಖಮಾಡಿ ನಿಂತೆನು. ಮೊಮ್ಮಗಳು ನನ್ನ ಧೋತರದ ಚುಂಗನ್ನು ಹಿಡಿದು ನಿಂತಳು. "ಆಯಿಗೆ ಕಾಣಸ್ತದೇನು?" ಎಂದಳು. "ಕಾಣಬೇಕು" ಎಂದೆನು.

ಪಾಡ್ಯದ ಮುಂಜಾನೆ ಐದು ಪಾಂಡವರನ್ನು ಅವಳೇ ಮಾಡಿದಳು. ಎರಡು ತಲೆಬಾಗಿಲಿನ ಹೊಸ್ತಿಲಿಗೆ, ಒಂದು ಒಲೆಯ ಹತ್ತಿರ, ಒಂದು ಬೀಸುವ ಕಲ್ಲಿನ ಬಳಿ. ಐದನೆಯದನ್ನು ಅಂಗೈಯಲ್ಲಿ ಹಿಡಿದುಕೊಂಡು ನಡುಮನೆಯಲ್ಲಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಲಗಡೆಯ ಕೋಣೆಯ ಹೊಸ್ತಿಲಿಗೆ ಹೋಗಿ ಅದನ್ನು ಕೂಡ್ರಿಸಿ, ತಲೆಯ ಮೇಲಿನ ಚೆಂಡುಹೂವನ್ನು ನೆಟ್ಟಗೆ ಮಾಡಿ, ಪಕಳೆಗಳನ್ನು ಒಳಗಿನ ಮಂಚದವರೆಗೂ ಚೆಲ್ಲುತ್ತ ಹೋದಳು. ಆ ದಿನ ಸಂಜೆ, ಹೊತ್ತು ಮುಳುಗಿದ ಮೇಲೆ, ಹೂ ಬಾಡಿತೆಂದು ಅದನ್ನು ಬದಲಿಸಲು ಆ ಕೋಣೆಗೆ ಹೋದವಳೂ ಅವಳೇ.